ಪ್ರತಿಕ್ರಿಯೆ: ರೆಸ್ಯೂಮೆ ಅಂಚೆಯಲ್ಲೇ ಕಳಿಸಿ ಅಂತಾರಲ್ಲ, ಯಾಕೆ?

ಅಮೆರಿಕದ ಪತ್ರಿಕೆಯೊಂದರ ಸಾಫ್ಟ್‌ವೇರ್ ಕೆಲಸದ ಜಾಹೀರಾತು ರೆಸ್ಯೂಮೆಯನ್ನು ಅಂಚೆಯಲ್ಲೇ ಕೇಳುವುದೇಕೆ, ತಾವು ಅರ್ಜಿ ಹಾಕಬಹುದೇ ಎಂಬ ಪ್ರಶ್ನೆಗೆ ಇದು ನನ್ನ ಉತ್ತರ. ಅಲ್ಲಿನ ಭಾನುವಾರದ ಪತ್ರಿಕೆಯಲ್ಲಿ ಸಾಫ್ಟ್‌ವೇರ್ ಕೆಲಸ, ಅದೂ ಅಂಚೆಯಲ್ಲೇ ಅರ್ಜಿ ಅಂದರೆ ಬಹುತೇಕ ಪರ್ಮ್ (PERM) ಜಾಹೀರಾತು, ಅಂದರೆ ವಿದೇಶಿ ನೌಕರರ ಗ್ರೀನ್ ಕಾರ್ಡ್‌ಗೆ (ಕಾಯಂ ವಾಸದ ಪರವಾನಗಿಗೆ) ಮುನ್ನ ಕಂಪನಿ ಮಾಡಬೇಕಾದ ಪ್ರಕ್ರಿಯೆಯ ಭಾಗ. ಆ ಕುರ್ಚಿಯಲ್ಲಿ ಸಾಮಾನ್ಯವಾಗಿ ಆಗಲೇ ಎಚ್-1ಬಿ (ತಾತ್ಕಾಲಿಕ ಉದ್ಯೋಗ) ವೀಸಾದವರೊಬ್ಬರು ಕೂತಿರುತ್ತಾರೆ. ಅವರ ಗ್ರೀನ್ ಕಾರ್ಡ್‌ಗಾಗಿ, ಅರ್ಹ ಸ್ಥಳೀಯರು ಸಿಗಲಿಲ್ಲವೆಂದು ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಅದಕ್ಕೇ ಎರಡು ಭಾನುವಾರ ಜಾಹೀರಾತು, ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನದ ಪ್ರಕಟಣೆ, ಜೊತೆಗೆ ಇನ್ನೂ ಮೂರು ಬಗೆಯ ಪ್ರಚಾರ. ಅಂಚೆಯಲ್ಲೇ ಕಳಿಸಿ ಅಂದರೆ ಅರ್ಜಿ ಕಡಿಮೆ ಬರುತ್ತವೆ, ಅಷ್ಟೇ.

ನಿಮಗೆ ಹೊಸದಾಗಿ ಗ್ರೀನ್ ಕಾರ್ಡ್ ಬಂದಿದೆ ಅಂದಿರಿ, ಹಾಗಾಗಿ ನೀವೂ ಆ ಸ್ಥಳೀಯರ ಲೆಕ್ಕಕ್ಕೆ ಬರುತ್ತೀರಿ (ಎಚ್-1ಬಿಯಲ್ಲೇ ಇದ್ದಿದ್ದರೆ ಬರುತ್ತಿರಲಿಲ್ಲ). ಮೊದಲು ಜಾಹೀರಾತಿನ ಫೋಟೊ ತೆಗೆದಿಡಿ. ಅವರು ಕೇಳಿದ ಪದವಿ, ಅನುಭವದ ವರ್ಷ, ಒಂದೊಂದು ಕೌಶಲವೂ ನಿಮಗಿದ್ದರೆ ರೆಸ್ಯೂಮೆಯಲ್ಲಿ ಅವರದೇ ಪದಗಳಲ್ಲಿ ಬರೆಯಿರಿ. ಒಂದು ಬಿಟ್ಟರೂ ತಿರಸ್ಕರಿಸಲು ಅದೇ ನೆಪ. ಜಾಹೀರಾತಿನಲ್ಲಿರುವ ಜಾಬ್ ಕೋಡ್ ಹಾಕಿ, ಸರ್ಟಿಫೈಡ್ ಮೇಲ್‌ನಲ್ಲಿ (ಕಳಿಸಿದ್ದಕ್ಕೆ ದಾಖಲೆ ಸಿಗುವ ಅಂಚೆ) ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಕೆಲಸ ಸಿಕ್ಕೇ ಸಿಗುತ್ತದೆ ಎನ್ನಲಾರೆ. ಅರ್ಹರು ಬಂದರೆ ಕಂಪನಿ ಆ ಪರ್ಮ್ ಅರ್ಜಿ ಕೈಬಿಡಬೇಕಾಗುತ್ತದೆ, ಆದರೆ ನಿಮ್ಮನ್ನು ಸೇರಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ವೀಸಾದವರಿಗಾಗಿಯೇ ನಿಮ್ಮನ್ನು ತಳ್ಳಿದರು ಅನಿಸಿದರೆ 180 ದಿನದೊಳಗೆ ನ್ಯಾಯ ಇಲಾಖೆಯ ವಲಸಿಗರ ಮತ್ತು ಉದ್ಯೋಗಿಗಳ ಹಕ್ಕುಗಳ ವಿಭಾಗಕ್ಕೆ ದೂರು ಕೊಡಿ. ಪರ್ಮ್ ನೇಮಕಾತಿ ವಿಚಾರದಲ್ಲಿ 2021ರಲ್ಲಿ ಫೇಸ್‌ಬುಕ್, 2023ರಲ್ಲಿ ಆಪಲ್ ಆ ಇಲಾಖೆಯೊಂದಿಗೆ ರಾಜಿ ಮಾಡಿಕೊಂಡಿವೆ.