ಎಡ ಬಲ ಗೊತ್ತಾಗದ ಮಗು ಬ್ಯಾಟರಿ ವೀಲ್‌ಚೇರ್ ಓಡಿಸೋದು ಕಲಿಯುತ್ತಾ?

ಕಲಿಯಬಹುದು, ದಯವಿಟ್ಟು ಶುರು ಮಾಡಿ. ಮಗಳಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದಿರುವುದು) ಜೊತೆ ಬುದ್ಧಿ ಬೆಳವಣಿಗೆಯೂ ಕಡಿಮೆ, 'ಎಡ ಬಲ ಗೊತ್ತಾಗಲಿ, ಆಮೇಲೆ ನೋಡೋಣ' ಅಂದರು ಅಂತ ಬರೆದಿದ್ದೀರಿ. ಮಂಡ್ಯದಲ್ಲಿ ನನ್ನ ತಮ್ಮನಿಗೂ ಇದೇ ಮಾತು ಹೇಳಿದ್ದರು. ಅದನ್ನು ನಂಬಿ ನಾಲ್ಕು ವರ್ಷ ಸುಮ್ನೆ ಕೂತೆವು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಸ್ವೀಡನ್‌ನ ಲಿಸ್ಬೆತ್ ನಿಲ್ಸನ್ ಅನ್ನುವ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಲು ಕಲಿಸುವ ಚಿಕಿತ್ಸಕಿ), ತೀರಾ ಹೆಚ್ಚು ಬೌದ್ಧಿಕ ತೊಂದರೆ ಇರುವವರನ್ನೇ ಜಾಯ್‌ಸ್ಟಿಕ್, ಅಂದರೆ ಕೈಯಲ್ಲಿ ತಳ್ಳಿ ಓಡಿಸುವ ಕಡ್ಡಿ, ಇರುವ ಬ್ಯಾಟರಿ ಕುರ್ಚಿಯಲ್ಲಿ ಕೂರಿಸಿ ವರ್ಷಗಟ್ಟಲೆ ಗಮನಿಸಿದ್ದಾರೆ. ಅವರೂ ಇನ್ನೊಬ್ಬ ಸಂಶೋಧಕಿ ಜೋಸೆಫೀನ್ ಡರ್ಕಿನ್ ಅವರೂ ಸೇರಿ 2014ರಲ್ಲಿ ಈ ಕಲಿಕೆಯನ್ನು 8 ಹಂತವಾಗಿ ಬಿಡಿಸಿಟ್ಟರು. ನೇರ ಓಡಿಸೋದು ಬಹಳ ಮುಂದಿನ ಮಾತು. ಮೊದಲು ತಿಳಿಯಬೇಕಾದ್ದು ಒಂದೇ, ನನ್ನ ಕೈ ಆಡಿದ್ದಕ್ಕೆ ಕುರ್ಚಿ ಆಡಿತು ಅನ್ನೋದು. ಕೆಲವರು ಅಷ್ಟರಲ್ಲೇ ನಿಲ್ಲಬಹುದು, ಆದರೂ ಅವರು ಸುತ್ತಮುತ್ತ ನೋಡೋದು, ಎಚ್ಚರವಾಗಿರೋದು ಜಾಸ್ತಿಯಾಗುತ್ತೆ.

ಕೊನೆಗೆ ಕುರ್ಚಿಯಲ್ಲಿ ಕೂರಿಸಿದಾಗ ತಮ್ಮ ಮೂರು ವಾರ ಬರೀ ಗಿರಗಿರ ಸುತ್ತಿದ. ಅಮ್ಮ 'ಸಾಕು ನಿಲ್ಸೋ, ಮಗೂಗೆ ತಲೆ ತಿರುಗುತ್ತೆ' ಅಂತಿದ್ದರು. ಒಂದು ಸಂಜೆ ಕೈ ಜಾರಿತು, ಕುರ್ಚಿ ನಿಂತಿತು. ಅವನು ತನ್ನ ಕೈಯನ್ನೇ ನೋಡಿದ. ಮತ್ತೆ ತಳ್ಳಿದ, ಮತ್ತೆ ಬಿಟ್ಟ, ಮತ್ತೆ ನೋಡಿದ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮೊದಲು ಕೂರೋದು ಸರಿಮಾಡಿ: ಸೊಂಟಕ್ಕೆ ಬೆಲ್ಟ್, ಪಾದಕ್ಕೆ ಆಧಾರ. ಮೈ ಜಾರುತ್ತಿದ್ದರೆ ಕೈಗೆ ಗಮನ ಎಲ್ಲಿಂದ ಬರಬೇಕು? ವೇಗ ಎಲ್ಲಕ್ಕಿಂತ ಕಡಿಮೆ ಇಡಿಸಿ. ಕಡ್ಡಿ ಹಿಡಿಯಲು ಕಷ್ಟವಾದರೆ ಟೆನಿಸ್ ಬಾಲ್‌ಗೆ ತೂತು ಮಾಡಿ ಸಿಕ್ಕಿಸಿ, ನಮಗೆ ಅದರಿಂದ ತುಂಬಾ ಉಪಕಾರವಾಯಿತು. ಅವಳ ಕೈಮೇಲೆ ಕೈಯಿಟ್ಟು ನೀವೇ ತಳ್ಳಬೇಡಿ, ಆಗ ಓಡಿಸುವವರು ನೀವಾಗುತ್ತೀರಿ. 'ಮುಂದೆ, ಬಲಕ್ಕೆ, ನಿಲ್ಸು' ಅಂತ ಕೂಗಲೂಬೇಡಿ. ಪಕ್ಕದಲ್ಲಿ ಕೂತು ಕಾಯಿರಿ, ಒಂದು ಕೈ ಮಾತ್ರ ಆಫ್ ಸ್ವಿಚ್ ಹತ್ತಿರ ಇರಲಿ. ಹತ್ತು ಹದಿನೈದು ನಿಮಿಷ ಸಾಕು, ಮುಖ ತಿರುಗಿಸಿದರೆ ಅವತ್ತಿಗೆ ಮುಗಿಸಿ. ಮದುವೆ ಇಲ್ಲದ ದಿನ ನಮ್ಮೂರ ಸಮುದಾಯ ಭವನ ಕೇಳಿ ತೆಗೆದುಕೊಳ್ಳುತ್ತಿದ್ದೆವು, ಮೆಟ್ಟಿಲ ಕಡೆ ಬೆಂಚು ಅಡ್ಡ ಇಟ್ಟು. ರಸ್ತೆಗೆ ಮಾತ್ರ ಬೇಡ. ಕಬ್ಬಿನ ಟ್ರಾಕ್ಟರ್ ಓಡಾಡುವ ಕಾಲದಲ್ಲಂತೂ ಬೇಡವೇ ಬೇಡ.

ತಮ್ಮ ಈಗಲೂ ಬಾಗಿಲಿಗೆ ತಾಗಿಸುತ್ತಾನೆ. ಆದರೆ ಒಗ್ಗರಣೆ ಚಟಪಟ ಅಂದ ಕೂಡಲೇ ಕುರ್ಚಿ ಅಡುಗೆಮನೆ ಕಡೆ ತಿರುಗುತ್ತೆ.