ಮ್ಯೂನಿಕ್‌ನಿಂದ ಒಂದು ದಿನದ ಕಾರ್ ಟ್ರಿಪ್: ಮೊದಲು ಲೈಸೆನ್ಸ್ ನೋಡಿಕೊಳ್ಳಿ

ಬೆಂಗಳೂರಿಂದ ಬರುವ ಗೆಳೆಯರ ಜೊತೆ ನೊಯ್‌ಶ್ವಾನ್‌ಸ್ಟೈನ್ ಅರಮನೆ, ಜೊತೆಗೆ ಸ್ವಲ್ಪ ಆಸ್ಟ್ರಿಯಾ, ಎರಡೂ ಒಂದೇ ಭಾನುವಾರ ಆಗುತ್ತಾ ಅಂತ ಕೇಳಿದ್ದೀರಿ. ಬೇಸಿಗೆಯಲ್ಲಿ ಆರಾಮಾಗಿ ಆಗುತ್ತದೆ. ಆದರೆ ಕಾರು ಓಡಿಸುವವರು ನೀವಲ್ಲ! ಓದಲು ಬಂದು ವರ್ಷವಾಯಿತು ಅಂದಿರಿ ಅಲ್ವಾ? ಜರ್ಮನಿಯಲ್ಲಿ ವಾಸ ಶುರುವಾಗಿ 6 ತಿಂಗಳು ದಾಟಿದರೆ ನಮ್ಮ ಇಂಡಿಯನ್ ಲೈಸೆನ್ಸ್ ನಡೆಯುವುದಿಲ್ಲ. ಸುಮ್ನೆ ನೋಡಲು ಬಂದವರಿಗೆ ಈ ತೊಂದರೆ ಇಲ್ಲ. ಗೆಳೆಯರು ಅಲ್ಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು, ಮೂಲ ಲೈಸೆನ್ಸನ್ನೂ ತರಲಿ.

ಎಲ್ಲರೂ ನೇರ ಅರಮನೆ ಹತ್ತಿರದ ಫ್ಯೂಸೆನ್ ಊರಿಗೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಸುತ್ತುದಾರಿಯೇ ಚೆಂದ. ಎಟ್ಟಾಲ್, ಲಿಂಡರ್‌ಹೋಫ್ ದಾಟಿ ಕಾಡಿನ ನಡುವೆ ಹೋಗುತ್ತಿದ್ದರೆ ಗೊತ್ತೇ ಆಗದ ಹಾಗೆ ಆಸ್ಟ್ರಿಯಾ ಬಂದುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಪ್ಲಾನ್‌ಸೀ ಸರೋವರ. ರಸ್ತೆ ನೀರಿನ ಅಂಚಿಗೇ ಅಂಟಿಕೊಂಡು ಸಾಗುತ್ತದೆ. ಅಲ್ಲಿಂದ ರೊಯ್ಟೆ ಊರಿನ ಮೂಲಕ ಫ್ಯೂಸೆನ್. ಆಟೊಬಾನ್ (ಎಕ್ಸ್‌ಪ್ರೆಸ್ ಹೆದ್ದಾರಿ) ಅಲ್ಲವಾದ್ದರಿಂದ ಆಸ್ಟ್ರಿಯಾದ ವಿನ್ಯೆಟ್ ಅನ್ನುವ ಟೋಲ್ ಚೀಟಿಯೂ ಬೇಡ. ಗಡಿ ದಾಟಲು ಬಾಡಿಗೆ ಕಂಪನಿ ಒಪ್ಪುತ್ತದಾ ಅಂತ ಮಾತ್ರ ಕೇಳಿಕೊಳ್ಳಿ. ಪಾಸ್‌ಪೋರ್ಟ್ ಎಲ್ಲರ ಕೈಯಲ್ಲೂ ಇರಲಿ.

ಹಳ್ಳಿಗಳ ಒಳಗೆ ಹುಷಾರು. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೇ ಮೊದಲು ದಾರಿ, ಅದು ಎಷ್ಟೇ ಸಣ್ಣ ಗಲ್ಲಿಯಿಂದ ಬರಲಿ. ನಮ್ಮೂರ ಥರ ಹಾರ್ನ್ ಹೊಡೆದು ನುಗ್ಗಿದರೆ ಕಷ್ಟ.

ಅರಮನೆ ಟಿಕೆಟ್‌ನಲ್ಲಿ ಹೊತ್ತು ಬರೆದಿರುತ್ತದೆ, ತಪ್ಪಿದರೆ ಹೋಯಿತು. ಪಾರ್ಕಿಂಗ್‌ನಿಂದ ಮೇಲೆ ನಡೆಯಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಒಳಗೆ ಫೋಟೊ ತೆಗೆಯುವಂತಿಲ್ಲ. ನನಗಂತೂ ಮರಿಯೆನ್‌ಬ್ರ್ಯೂಕ ಸೇತುವೆಯಿಂದ ಕಾಣುವ ನೋಟವೇ ಜಾಸ್ತಿ ಇಷ್ಟ.

ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ. ತಿಂಡಿ, ನೀರು ಶನಿವಾರವೇ ತಂದಿಡಿ.