ನೂರು ರೂಪಾಯಿಯ ರಸೀದಿ, ಎರಡು ಗಂಟೆಯ ಕೆಲಸ

ಮುಂಬಯಿಯ ಭಾಂಡುಪ್‌ನ ಓದುಗರೊಬ್ಬರ ಪತ್ರ: ‘ಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನಿಂದ ಒಬ್ಬ ಒಳ್ಳೆಯ ಪಕ್ಷೇತರ ಅಭ್ಯರ್ಥಿಯನ್ನು ನಿಲ್ಲಿಸಿದ್ದೆವು. ಇಬ್ಬರು ಹೋಟೆಲ್ ಧಣಿಗಳು ದೊಡ್ಡ ಮೊತ್ತ ಕೊಟ್ಟರು. ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ. ಮನೆ ಮನೆಗೆ ಹೋಗುವ ದಿನ ಹತ್ತು ಜನವೂ ಬರಲಿಲ್ಲ. ಕೊನೆಗೆ ದಿನಗೂಲಿ ಹುಡುಗರನ್ನು ಇಟ್ಟು ಕೆಲಸ ಮುಗಿಸಿದೆವು, ಸೋತೆವು. ಮುಂದಿನ ಸಲ ಮೊದಲೇ ದೊಡ್ಡ ದಾನಿಗಳನ್ನು ಹಿಡಿದು ಸಂಬಳದ ಜನರನ್ನೇ ಇಟ್ಟುಕೊಳ್ಳುವುದು ಲೇಸಲ್ಲವೇ? ಕನ್ನಡಿಗರ ಓಟು ಕನ್ನಡಿಗನಿಗೇ ಎಂದು ನಿಮ್ಮ ಪತ್ರಿಕೆಯೂ ಬರೆಯಬಾರದೇ?’

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಬರೆಯುವುದಿಲ್ಲ, ನೀವೂ ಎಲ್ಲಿಯೂ ಬರೆಯಬೇಡಿ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳುವುದನ್ನು ಲೋಕಸಭೆ, ವಿಧಾನಸಭೆ ಚುನಾವಣೆಗಳಿಗಿರುವ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮು ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯ ಭಾಷೆ ಮಾತ್ರವಲ್ಲ, ಮತದಾರನ ಭಾಷೆಯೂ ಇದರಲ್ಲಿ ಸೇರುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪು ಕೊಟ್ಟಿತು. ಆ ವ್ಯಾಜ್ಯ ಹುಟ್ಟಿದ್ದು ನಮ್ಮ ಸಾಂತಾಕ್ರೂಜ್ ಕ್ಷೇತ್ರದಲ್ಲೇ. ಪಾಲಿಕೆ ಚುನಾವಣೆಯಲ್ಲೂ ಆ ಗೆರೆ ದಾಟಬೇಡಿ. ಕನ್ನಡದಲ್ಲಿ ಕರಪತ್ರ ಹಂಚಿ, ಕನ್ನಡದಲ್ಲಿ ಮಾತಾಡಿ, ಅಡ್ಡಿಯಿಲ್ಲ. ಆದರೆ ಕೇಳಬೇಕಾದ್ದು ನೀರಿಗೆ, ಗಟಾರಕ್ಕೆ, ಶಾಲೆಗೆ ಓಟು.

ಇನ್ನು ದುಡ್ಡು. ಮುದ್ರಣ, ರಿಕ್ಷಾ, ಮೈಕು, ಕಚೇರಿಯ ಬಾಡಿಗೆಗೆ ಮೊದಲ ವಾರವೇ ಹಣ ಬೇಕು. ದೊಡ್ಡ ದಾನಿ ಒಂದು ಚೆಕ್ಕಿನಲ್ಲಿ ಆ ಚಿಂತೆ ಕಳೆಯುತ್ತಾನೆ. ಕೂಲಿ ಹುಡುಗರು ಸ್ಲಿಪ್ಪುಗಳನ್ನು ಬೇಗ ಹಂಚುತ್ತಾರೆ, ಲೆಕ್ಕಕ್ಕೆ ಹಾಕಿದರೆ ಅದು ತಪ್ಪೂ ಅಲ್ಲ. ಇಷ್ಟನ್ನು ಒಪ್ಪುತ್ತೇನೆ. ಆದರೆ ನಿಮ್ಮ ವಾರ್ಡಿನ 1,500 ಮನೆಗಳಿಂದ ತಲಾ 200 ರೂಪಾಯಿ ಎತ್ತಿದ್ದರೆ 3 ಲಕ್ಷವಾಗುತ್ತಿತ್ತು. ಇಬ್ಬರು ಧಣಿಗಳು ಕೊಟ್ಟ 3 ಲಕ್ಷ ಎರಡೇ ಓಟು. 1,500 ಮನೆಗಳ 3 ಲಕ್ಷ 1,500 ಮನೆಗಳ ಋಣ. ನೂರೇ ರೂಪಾಯಿ ಕೊಟ್ಟವನೂ ಮತದಾನದ ದಿನ ಮನೆಯಲ್ಲಿ ಕೂರುವುದಿಲ್ಲ, ಪಕ್ಕದ ಮನೆಯವನನ್ನೂ ಎಬ್ಬಿಸಿಕೊಂಡು ಹೋಗುತ್ತಾನೆ. ನೀವು ದುಡ್ಡಿನ ಕೊರತೆಯಿಂದ ಸೋಲಲಿಲ್ಲ. ಈ ಸಾವಿರದೈನೂರು ಬಾಗಿಲು ತಟ್ಟದೆ ಸೋತಿರಿ.

ಎತ್ತುವ ಕ್ರಮವೂ ಮುಖ್ಯ. ಪಕ್ಷೇತರನಾದರೆ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಬಂದದ್ದೆಲ್ಲ ಅದಕ್ಕೇ ಕಟ್ಟಿ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ, ಕಾರ್ಬನ್ ಪ್ರತಿ ಇರಲಿ. ಹೆಸರು, ವಿಳಾಸ, ಮೊತ್ತ, ನಗದೋ ಯುಪಿಐಯೋ, ಪಡೆದವರ ಸಹಿ. ಸಂಜೆ ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ಮರುದಿನ ಬೆಳಿಗ್ಗೆ ಬ್ಯಾಂಕಿಗೆ. ಲೆಕ್ಕ ಹದಗೆಡುವುದು ಕಳ್ಳತನದಿಂದಲ್ಲ. ಬಂದ ನಗದನ್ನು ಹಾಗೇ ವಡಾಪಾವ್‌ಗೂ ಪೆಟ್ರೋಲಿಗೂ ಕೊಟ್ಟುಬಿಡುತ್ತೇವೆ, ಆಮೇಲೆ ಜಮೆಯೂ ಕಾಣುವುದಿಲ್ಲ, ಖರ್ಚೂ ಕಾಣುವುದಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸುವಾಗ ಅದೇ ಕುತ್ತಿಗೆಗೆ ಬರುತ್ತದೆ. ನೋಂದಾಯಿತ ಪಕ್ಷಕ್ಕೆ ನಗದಲ್ಲದೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗಬಹುದು. ಪಕ್ಷೇತರನಿಗೆ ಕೊಟ್ಟದ್ದಕ್ಕೆ ಇಲ್ಲ, ಇದನ್ನು ದಾನಿಗೆ ಮೊದಲೇ ಹೇಳಿ. ಇನ್ನೊಂದು ಎಚ್ಚರ: ಯಾವ ಸಂಘದ, ಟ್ರಸ್ಟಿನ ರಸೀದಿ ಪುಸ್ತಕದಲ್ಲೂ ಚುನಾವಣೆಯ ಹಣ ಪಡೆಯಬೇಡಿ. ಧರ್ಮಾರ್ಥ ಸಂಸ್ಥೆಯ ನೋಂದಣಿಗೇ ಸಂಚಕಾರ ಬರಬಹುದು. ಸಭಾಗೃಹ ಬೇಕಿದ್ದರೆ ಎಲ್ಲರಿಗೂ ಇರುವ ಬಾಡಿಗೆ ಕಟ್ಟಿ ರಸೀದಿ ತೆಗೆದುಕೊಳ್ಳಿ.

ನಿಮ್ಮ ಇನ್ನೂರು ಜನರ ವಾಟ್ಸಾಪ್ ಗುಂಪಿನ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ‘ಎಲ್ಲರೂ ಬನ್ನಿ’ ಎಂದರೆ ಯಾರನ್ನೂ ಕರೆದಂತಾಗಲಿಲ್ಲ. ಹೆಬ್ಬೆರಳಿನ ಚಿತ್ರ ಹಾಕಿದವರು ಮನಸ್ಸಿನಲ್ಲಿ ಹಾರೈಸಿದರು ಅಷ್ಟೆ. ಕರೆಯುವುದೆಂದರೆ ಹೆಸರು ಹಿಡಿದು, ಎದುರು ನಿಂತು ಕೇಳುವುದು: ‘ಅಕ್ಕಾ, ಶುಕ್ರವಾರ ಸಂಜೆ ಏಳರಿಂದ ಒಂಬತ್ತು, ನಿಮ್ಮ ಬಿ ವಿಂಗ್ ಮಾತ್ರ, ಜೊತೆಗೆ ಮೂರನೇ ಮಾಳಿಗೆಯ ಬಾಬಿ ಇರುತ್ತಾರೆ.’ ದಿನ, ಹೊತ್ತು, ಜಾಗ, ಜೊತೆಗಾರರು ಗೊತ್ತಿದ್ದರೆ ಹೂಂ ಅನ್ನುವುದು ಸುಲಭ. ಹತ್ತು ಜನ ಹೂಂ ಅಂದರೆ ಐದಾರು ಜನ ಬರುತ್ತಾರೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಒಂದು ಫೋನ್ ಮಾಡಿ, ಸಂದೇಶ ಸಾಲದು. ಬಂದವರನ್ನು ಕಚೇರಿಯಲ್ಲಿ ಕೂರಿಸಿ ‘ಪಟ್ಟಿ ಈಗ ಬರುತ್ತದೆ’ ಎಂದಿರೋ, ಅವರು ಎರಡನೇ ಸಲ ಬರುವುದಿಲ್ಲ. ಮನೆಗೆ ಹೊರಡುವ ಮುನ್ನ ಮುಂದಿನ ದಿನಾಂಕವನ್ನು ಅಲ್ಲೇ ಬರೆಸಿಕೊಳ್ಳಿ.

ಎಷ್ಟು ಜನ ಬೇಕೆಂದು ನೀವು ಲೆಕ್ಕ ಹಾಕಿದಂತೆ ಕಾಣಲಿಲ್ಲ. ಮುಂಬಯಿಯ ಒಂದು ವಾರ್ಡಿನಲ್ಲಿ ಸುಮಾರು 45 ಸಾವಿರ ಮತದಾರರು, ಅಂದಾಜು 40 ಬೂತು. ಒಂದು ಬೂತಿಗೆ 300 ಮನೆ. ನೌಕರಿಯವರು ಲೋಕಲ್ ಇಳಿದು ಮನೆ ಸೇರುವುದೇ ರಾತ್ರಿ ಎಂಟಕ್ಕೆ. ಒಂದು ಜೋಡಿ ಒಂದು ಸಂಜೆಗೆ ಹದಿನೈದಿಪ್ಪತ್ತು ಬಾಗಿಲಿಗಿಂತ ಹೆಚ್ಚು ಮಾಡಲಾರದು. ನಾಲ್ಕು ಜೋಡಿಗಳಿದ್ದರೆ ಬೂತೊಂದು ನಾಲ್ಕೈದು ಸಂಜೆಗಳಲ್ಲಿ ಮುಗಿಯುತ್ತದೆ. 40 ಬೂತಿಗೆ 320 ಜನ ಸಿಗಲಿಲ್ಲವೆಂದು ಎಲ್ಲ ಬೂತಿಗೂ ತೆಳ್ಳಗೆ ಹರಡಬೇಡಿ. ನಿಮ್ಮವರಿರುವ ಎಂಟು ಹತ್ತು ಬೂತುಗಳನ್ನು ಗಟ್ಟಿಯಾಗಿ ಹಿಡಿಯಿರಿ. ಪಟ್ಟಿಯ ಪುಟಕ್ಕೆ 30 ಹೆಸರಿರುತ್ತವೆ. ಒಂದು ಜೋಡಿಗೆ ಒಂದು ಸಂಜೆಗೆ ಎರಡು ಪುಟ ಕೊಟ್ಟರೆ ಸಾಕು. ಪ್ರತಿ ಹೆಸರಿನ ಮುಂದೆ ನಮ್ಮವರು, ತೂಗುತ್ತಿರುವವರು, ಅಲ್ಲ, ಊರಿಗೆ ಹೋದವರು, ತೀರಿಕೊಂಡವರು ಎಂದು ಗುರುತು ಬೀಳಬೇಕು. ಸೊಸೈಟಿಯ ಕಾರ್ಯದರ್ಶಿಗೆ ಮೊದಲೇ ಹೇಳದಿದ್ದರೆ ವಾಚ್‌ಮನ್ ಗೇಟಿನಲ್ಲೇ ತಡೆಯುತ್ತಾನೆ. ಅರ್ಧ ಸಂಜೆ ಅಲ್ಲೇ ಹೋಗುತ್ತದೆ.

ಕೂಲಿ ಹುಡುಗ ಈ ಗುರುತು ಹಾಕಲಾರ. ಎದುರು ನಿಂತು ಆಡುವ ಮಾತಿನ ಬಲವೇ ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಮತದಾರರನ್ನು ಗುಂಪು ಮಾಡಿ ನೋಡಿದರು: ಬಾಗಿಲಿಗೆ ಹೋಗಿ ಮಾತಾಡಿಸಿದವರಲ್ಲಿ ಮತದಾನ ಎದ್ದು ಕಾಣುವಷ್ಟು ಏರಿತು, ಫೋನ್ ಕರೆಗಳಿಂದ ಏರಲಿಲ್ಲ. ಅಷ್ಟು ದೂರ ಬೇಡವೆಂದರೆ ಇಲ್ಲೇ ನೋಡಿ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಪಾಟೀಲರನ್ನು ಸೋಲಿಸಲು ನಿಮಗೆ ಸಾಧ್ಯ ಎಂಬ ಪೋಸ್ಟರ್ ಎಲ್ಲರಿಗೂ ನೆನಪಿದೆ, ಅದರ ಹಿಂದೆ ಹೋಟೆಲ್, ಟ್ಯಾಕ್ಸಿ, ಪಾಲಿಕೆ ಕಾರ್ಮಿಕರ ನಡುವೆ ವರ್ಷಗಟ್ಟಲೆ ನಡೆದ ಸಂಘಟನೆ ಮರೆತುಹೋಗಿದೆ. ಗೋರೆಗಾಂವ್‌ನಲ್ಲಿ ಮೃಣಾಲ್ ಗೋರೆ ‘ಪಾನಿವಾಲಿ ಬಾಯಿ’ ಆದದ್ದು ನಲ್ಲಿಯ ಹೋರಾಟದಿಂದ. 2007ರಲ್ಲಿ ಜುಹೂವಿನ ನಾಗರಿಕರು ತಾವೇ ಆರಿಸಿದ ಅಡಾಲ್ಫ್ ಡಿಸೋಜ ಅವರನ್ನು ಪಾಲಿಕೆಗೆ ಕಳಿಸಿದರು. ಚುನಾವಣೆ ಘೋಷಣೆಯಾದ ಮೇಲೆ ಜನ ಹುಡುಕುವವರಿಗೆ ಜನ ಸಿಗುವುದಿಲ್ಲ.

ನಮ್ಮವರ ಮೇಲೆ ನನ್ನ ಸಿಟ್ಟು ಇಲ್ಲೇ. ಯಕ್ಷಗಾನಕ್ಕೆ, ಶಾಲು ಹಾರದ ಸನ್ಮಾನಕ್ಕೆ ಮನೆ ಮನೆಗೆ ಹೋಗಿ ಪೈಸೆ ಪೈಸೆಗೂ ರಸೀದಿ ಹರಿಯುವ ಜಾಣ್ಮೆ ಈ ಊರಿನ ಕನ್ನಡಿಗರಿಗೆ ತಲೆಮಾರುಗಳಿಂದ ಇದೆ. ಅದೇ ಪುಸ್ತಕ, ಅದೇ ಕೈ ವಾರ್ಡಿನ ಕೆಲಸಕ್ಕೆ ಏಳುವುದಿಲ್ಲ. ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದು ವರ್ಷಗಟ್ಟಲೆ ನಗರಸೇವಕರೇ ಇಲ್ಲದೆ ಆಡಳಿತಾಧಿಕಾರಿ ನಗರ ನಡೆಸಿದಾಗ ನಮ್ಮ ಯಾವ ವೇದಿಕೆಯಲ್ಲಿ ಅದರ ಮಾತು ಬಂತು? ಕನ್ನಡ ಶಾಲೆಗಳು ಸೊರಗುತ್ತಿವೆ ಎಂದು ಕಣ್ಣೀರು ಹಾಕುವವರ ಓಟು ಇನ್ನೂ ಉಡುಪಿಯಲ್ಲಿದೆ, ಕುಂದಾಪುರದಲ್ಲಿದೆ. ಮೂವತ್ತು ವರ್ಷ ಇಲ್ಲಿನ ನೀರು ಕುಡಿದು ಓಟಿಗೆ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ.

ಆದ್ದರಿಂದ ನಿಮ್ಮ ಮೊದಲ ಕೆಲಸ ಈಗಲೇ ಇದೆ. ಪಾಲಿಕೆಯ ಪಟ್ಟಿ ವಿಧಾನಸಭೆಯ ಪಟ್ಟಿಯಿಂದಲೇ ಆಗುವುದು. ಸೇರ್ಪಡೆಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಅರ್ಹತಾ ದಿನಗಳು. ಭಾನುವಾರ ಒಂದು ಮೇಜು ಹಾಕಿ. ಹೊಸಬರಿಗೆ ನಮೂನೆ 6. ಊರಿನಲ್ಲಿ ಹೆಸರಿದ್ದವರಿಗೆ 6 ಕೊಡಲೇಬೇಡಿ, ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಸ್ಥಳಾಂತರಕ್ಕೆ ನಮೂನೆ 8. ಹೋಟೆಲಿನ ಕೋಣೆಯಲ್ಲಿ ಮಲಗುವ ಹುಡುಗನಿಗೆ ಬಾಡಿಗೆ ಕರಾರೂ ಇಲ್ಲ, ವಿದ್ಯುತ್ ಬಿಲ್ಲೂ ಇಲ್ಲ. ದಾಖಲೆ ಇಲ್ಲದಿದ್ದರೂ ಅರ್ಜಿ ಹಾಕಬಹುದು, ಬೂತ್ ಮಟ್ಟದ ಅಧಿಕಾರಿ ಸ್ಥಳಕ್ಕೆ ಬಂದು ನೋಡಬೇಕು. ಅರ್ಜಿ ಬೀಳುವುದು ಇಲ್ಲೇ: ಅಧಿಕಾರಿ ಬರುವುದು ಊಟದ ಗಡಿಬಿಡಿಯ ಹೊತ್ತಿಗೆ, ‘ಅಂಥವರು ಯಾರೂ ಇಲ್ಲ’ ಎಂದು ಹೇಳಿ ಕಳಿಸುವವರು ಗಲ್ಲಾಪೆಟ್ಟಿಗೆಯ ಮುಂದೆ ಕೂತವರು. ಪ್ರತಿ ಹೋಟೆಲಿನ ಗಲ್ಲಾದಲ್ಲಿ ಅರ್ಜಿ ಹಾಕಿದ ಹುಡುಗರ ಹೆಸರಿನ ಪಟ್ಟಿ ಕೊಟ್ಟಿರಿ, ಅಧಿಕಾರಿಗೆ ಫೋನ್ ಮಾಡಿ ಮಧ್ಯಾಹ್ನ ಮೂರರಿಂದ ಐದರೊಳಗೆ ಬರಲು ಕೇಳಿಕೊಳ್ಳಿ. ನಿಮಗೆ ಹಣ ಕೊಟ್ಟ ಆ ಇಬ್ಬರು ಧಣಿಗಳಿಂದ ಈ ಸಲ ಕೇಳಬೇಕಾದ್ದು ಇಷ್ಟೇ.